ಕಂಪ್ಯೂಟರ್ ಯಾರ ಮರ್ಜಿಯಲ್ಲಿದೆ?

(ಸಂಸ್ಥೆಯ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟಿರುವ ವಿಷಯ 'ಶಿಕ್ಷಣದಲ್ಲಿ ಕಂಪ್ಯೂಟರ್'. ಕಂಪ್ಯೂಟರಿನ ಉಪಯೋಗಗಳ ಮೇಲೆ ಪ್ರಬಂಧ ಬರೆಯಲು ನಮ್ಮ ಎಂಟನೇ ತರಗತಿಯ ಮಕ್ಕಳೇ ಸಾಕು. ಆದ್ದರಿಂದ ನಾನು ಅದರ ಒಂದು ಮಗ್ಗುಲನ್ನು ಮಾತ್ರ ತಮ್ಮ ಮುಂದಿಡುತ್ತೇನೆ. ನಾನು ಉರ್ದು ಮತ್ತು ಕನ್ನಡದ ಶಿಕ್ಷಕ, ಕಂಪ್ಯೂಟರ್ ಶಾಸ್ತ್ರ ಓದಿದವನಲ್ಲ. ಹಾಗಾಗಿ ಮಾತನ್ನು ಭಾಷೆಯಿಂದಲೇ ಶುರುಮಾಡುತ್ತೇನೆ.

ಉರ್ದುವಿನಲ್ಲಿ 'ರಜಾಮಂದಿ' ಎನ್ನುತ್ತೇವೆ, ಕನ್ನಡದಲ್ಲಿ 'ಒಪ್ಪಿಗೆ'. ಎರಡೂ ಭಾಷೆಗಳಲ್ಲಿ ಒಪ್ಪಿಗೆಗೆ ಅರ್ಥ ಬರುವುದು 'ಬೇಡ' ಎನ್ನಲು ಅವಕಾಶವಿದ್ದಾಗ. ಈಗ ತಮ್ಮ ಮನೆಯ ಅಥವಾ ಶಾಲೆಯ ವಿಂಡೋಸ್ ಕಂಪ್ಯೂಟರಿನ ಪರದೆಯನ್ನು ನೆನಪಿಸಿಕೊಳ್ಳಿ. ಹೊಸದೇನನ್ನಾದರೂ ಹಾಕಿಕೊಳ್ಳಲೇ ಎಂದು ಅದು ಕೇಳುವಾಗ ಅನೇಕ ಸಲ ಎರಡೇ ಗುಂಡಿ ಇರುತ್ತವೆ. ಒಂದು 'ಹೌದು', ಇನ್ನೊಂದು 'ಆಮೇಲೆ ನೆನಪಿಸು'. 'ಬೇಡ, ಮತ್ತೆ ಕೇಳಬೇಡ' ಎಂಬ ಗುಂಡಿ ಇಲ್ಲ. ದುಡ್ಡು ಕೊಟ್ಟು ಕೊಂಡ ಯಂತ್ರದ ಮುಂದೆ ಕುಳಿತು 'ಬೇಡ' ಎನ್ನಲು ದಾರಿ ಹುಡುಕಬೇಕಾದ ಸ್ಥಿತಿ ಹೇಗೆ ಬಂತು?

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ನಮ್ಮಲ್ಲಿ ಬಹಳ ಜನರಿಗೆ ಮೊದಲ ಗುರು. ಅದರಲ್ಲಿ ಅಪ್‌ಡೇಟ್ ಬೇಕೇ ಬೇಡವೇ ಎಂಬುದನ್ನು ಬಳಸುವವನೇ ತೀರ್ಮಾನಿಸಬಹುದಿತ್ತು, ಪೂರ್ತಿ ನಿಲ್ಲಿಸಲೂಬಹುದಿತ್ತು. 2015ರ ಜುಲೈ 29ರಂದು ವಿಂಡೋಸ್ 10 ಬಂತು. ಅದರ ಹೋಮ್ ಆವೃತ್ತಿಯಲ್ಲಿ ಅಪ್‌ಡೇಟ್ ತಾನಾಗಿಯೇ ಇಳಿಯುತ್ತದೆ, ನಿಲ್ಲಿಸುವ ಗುಂಡಿ ಇರಲಿಲ್ಲ. 2019ರಲ್ಲಿ, ಅದೂ 35 ದಿನಗಳವರೆಗೆ ಮಾತ್ರ, ಮುಂದೂಡುವ ಅವಕಾಶ ಸಿಕ್ಕಿತು. ಹಳೆಯ ವಿಂಡೋಸ್ 7 ಮತ್ತು 8.1 ಬಳಸುತ್ತಿದ್ದವರಿಗೆ ಹೊಸದಕ್ಕೆ ಬನ್ನಿ ಎಂಬ ಕಿಟಕಿ ಪದೇ ಪದೇ ತೆರೆದುಕೊಳ್ಳುತ್ತಿತ್ತು. ಕಿಟಕಿ ಮುಚ್ಚಲು ಮೂಲೆಯ ಗುಣಾಕಾರದ ಗುರುತನ್ನು ಒತ್ತುತ್ತೇವೆ, ಇದು ಕಂಪ್ಯೂಟರ್ ಕಲಿಯುವ ಮಗುವಿಗೆ ಮೊದಲ ದಿನವೇ ಹೇಳಿಕೊಡುವ ಪಾಠ. 2016ರಲ್ಲಿ ಆ ಗುರುತನ್ನು ಒತ್ತಿದರೂ ನಿಗದಿಯಾದ ಸಮಯಕ್ಕೆ ವಿಂಡೋಸ್ 10 ಬಂದು ಕುಳಿತುಕೊಳ್ಳುವಂತೆ ಮಾಡಲಾಯಿತು. ಮುಚ್ಚಿದ್ದೇ ಒಪ್ಪಿಗೆಯಾಯಿತು! ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪ್ರವಾಸ ಏಜೆನ್ಸಿ ನಡೆಸುತ್ತಿದ್ದ ಮಹಿಳೆಯೊಬ್ಬರು, ತಾನು ಕೇಳದೆ ಬಂದ ಈ ಬದಲಾವಣೆಯಿಂದ ಕೆಲಸ ಕೆಟ್ಟಿತೆಂದು ಮೊಕದ್ದಮೆ ಹೂಡಿ ಹತ್ತು ಸಾವಿರ ಡಾಲರ್ ಪಡೆದರು.

ಕಂಪನಿಯ ವಾದವನ್ನೂ ಕೇಳಬೇಕು, ಅದರಲ್ಲಿ ತಿರುಳಿದೆ. 2017ರ ಮೇ ತಿಂಗಳಲ್ಲಿ 'ವಾನಾಕ್ರೈ' ಎಂಬ ವೈರಸ್ ಜಗತ್ತಿನಾದ್ಯಂತ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದಕ್ಕೆ ಬೇಕಾದ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಆದ್ದರಿಂದ ಭದ್ರತೆಯ ಅಪ್‌ಡೇಟ್ ಅನ್ನು ನಿಲ್ಲಿಸಿ ಎಂದು ನಾನು ವಿದ್ಯಾರ್ಥಿಗಳಿಗೆ ಎಂದೂ ಹೇಳುವುದಿಲ್ಲ. ನನ್ನ ತಕರಾರು ಬೇರೆ. ಔಷಧಿಯ ಚೀಟಿಯಲ್ಲೇ ಕಿರಾಣಿ ಸಾಮಾನನ್ನೂ ಬರೆದುಕೊಟ್ಟರೆ ಹೇಗೆ? ತೇಪೆಯ ಜೊತೆಗೆ ಸ್ಟಾರ್ಟ್ ಮೆನುವಿನಲ್ಲಿ ಜಾಹೀರಾತು, ಕೇಳದ ಆಟಗಳು, ಅವರದೇ ಬ್ರೌಸರ್ ಬಳಸಿ ಎಂಬ ಒತ್ತಾಯ, ಎಲ್ಲ ಒಟ್ಟಿಗೆ ಬರತೊಡಗಿದವು. ಮೊಬೈಲಿನ ಹಾಟ್‌ಸ್ಪಾಟ್‌ನಿಂದ ಇಂಟರ್ನೆಟ್ ಪಡೆಯುವ ನಮ್ಮಂಥವರಿಗೆ ಇದರ ಬೆಲೆ ದಿನದ ಡೇಟಾ. ಅಪ್‌ಡೇಟ್ ನಡೆಯುವಾಗ ಕರೆಂಟು ಹೋದರೆ ಏನಾಗುತ್ತದೆಂದು ಬೇಸಿಗೆಯ ಸಿಂಧನೂರಿನಲ್ಲಿ ಇರುವವರಿಗೆ ನಾನು ಹೇಳಬೇಕಾಗಿಲ್ಲ.

2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂದಾಗ ಹೋಮ್ ಆವೃತ್ತಿಯನ್ನು ಮೊದಲ ಸಲ ಚಾಲೂ ಮಾಡಲು ಇಂಟರ್ನೆಟ್ ಮತ್ತು ಕಂಪನಿಯ ಖಾತೆ ಎರಡೂ ಕಡ್ಡಾಯವಾದವು. ಮರುವರ್ಷ ಪ್ರೊ ಆವೃತ್ತಿಗೂ ಈ ನಿಯಮ ಬಂತು. ಕೆಳಗಿನ ಟಾಸ್ಕ್‌ಬಾರ್ ಅನ್ನು ಪಕ್ಕಕ್ಕೋ ಮೇಲಕ್ಕೋ ಇಟ್ಟುಕೊಳ್ಳುವ, ಇಪ್ಪತ್ತು ವರ್ಷಕ್ಕಿಂತ ಹಳೆಯ ಸೌಲಭ್ಯವನ್ನು ಆಗ ತೆಗೆದುಹಾಕಲಾಗಿತ್ತು. ಬ್ರೌಸರ್ ಬದಲಿಸಬೇಕಾದರೆ ಒಂದೊಂದು ಬಗೆಯ ಕಡತಕ್ಕೂ ಬೇರೆ ಬೇರೆಯಾಗಿ ಬದಲಿಸಬೇಕಿತ್ತು, ಜನ ಗದ್ದಲ ಮಾಡಿದ ಮೇಲೆ 2022ರಲ್ಲಿ ಒಂದೇ ಗುಂಡಿ ಕೊಟ್ಟರು. 2024ರ ಮೇ ತಿಂಗಳಲ್ಲಿ 'ರೀಕಾಲ್' ಎಂಬ ಹೊಸ ಸೌಲಭ್ಯ ಪ್ರಕಟವಾಯಿತು. ಪರದೆಯ ಮೇಲೆ ನಾವು ಮಾಡುವುದನ್ನೆಲ್ಲ ಕೆಲವು ಸೆಕೆಂಡಿಗೊಮ್ಮೆ ಚಿತ್ರ ತೆಗೆದಿಡುವುದು ಅದರ ಕೆಲಸ. ತಜ್ಞರು ಆಕ್ಷೇಪಿಸಿದ ಮೇಲೆ, ಬೇಕೆಂದವರಿಗೆ ಮಾತ್ರ ಎಂದು ಜೂನ್‌ನಲ್ಲಿ ತಿದ್ದಿದರು. ಗದ್ದಲವಾದಲ್ಲೆಲ್ಲ ಆಯ್ಕೆ ಮರಳಿದ್ದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಕಾನೂನು ಇದ್ದಲ್ಲಿ ಇನ್ನೂ ಬೇಗ ಮರಳಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ 'ಟಿಪಿಎಂ 2.0' ಎಂಬ ಭದ್ರತಾ ಚಿಪ್ಪು ಬೇಕು, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ನಮ್ಮ ಮೂರೂ ತಾಲ್ಲೂಕುಗಳ ಶಾಲೆಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಇರುವ ಹಳೆಯ ಯಂತ್ರಗಳು ಚೆನ್ನಾಗಿ ನಡೆಯುತ್ತಿದ್ದರೂ ಈ ಪರೀಕ್ಷೆಯಲ್ಲಿ ನಪಾಸು. ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ ತೇಪೆ ಕೊಡುತ್ತೇವೆಂದು ಕಂಪನಿ ಪ್ರಕಟಿಸಿತು. ಷರತ್ತು ಏನು? 30 ಡಾಲರ್ ಕೊಡಿ, ಇಲ್ಲವೇ ಅವರ ರಿವಾರ್ಡ್ಸ್ ಅಂಕ ಒಂದು ಸಾವಿರ ಕೊಡಿ, ಇಲ್ಲವೇ ನಿಮ್ಮ ಸೆಟ್ಟಿಂಗುಗಳನ್ನು ಅವರ ಕ್ಲೌಡ್‌ನಲ್ಲಿ ಇಡಿ. ಯುರೋಪಿನ ಗ್ರಾಹಕ ಸಂಘಟನೆಗಳು ತಕರಾರು ತೆಗೆದವು. ಅಲ್ಲಿಯವರಿಗೆ ಹಣವೂ ಬೇಡ, ಕ್ಲೌಡ್‌ನಲ್ಲಿ ಇಡುವುದೂ ಬೇಡ ಎಂದಾಯಿತು. ಅದೇ ಯುರೋಪ್ 2013ರಲ್ಲಿ, ಬೇರೆ ಬ್ರೌಸರ್ ಆರಿಸುವ ಪರದೆಯನ್ನು ತೋರಿಸುವ ಮಾತಿಗೆ ತಪ್ಪಿದ್ದಕ್ಕೆ ಮೈಕ್ರೋಸಾಫ್ಟ್‌ಗೆ 56.1 ಕೋಟಿ ಯೂರೋ ದಂಡ ಹಾಕಿತ್ತು. ನಮ್ಮ ದೇಶದಲ್ಲೂ ಇದು ಆಗದ ಮಾತಲ್ಲ. ಫೋನಿನ ವಿಷಯದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1,337 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತು, ಆಮೇಲೆ ಆಂಡ್ರಾಯ್ಡ್ ಫೋನಿನಲ್ಲಿ ಸರ್ಚ್ ಎಂಜಿನ್ ಆರಿಸುವ ಅವಕಾಶ ಕೊಡುತ್ತೇವೆಂದು ಆ ಕಂಪನಿ ಹೇಳಿತು. ಡೆಸ್ಕ್‌ಟಾಪಿಗೆ ಅಂಥದ್ದು ಇಲ್ಲಿ ಬರುವವರೆಗೆ ನಾವೇನು ಮಾಡುವುದು?

ಇಷ್ಟವಿಲ್ಲದಿದ್ದರೆ ಬಿಟ್ಟುಹೋಗಿ ಎನ್ನುವವರು ಇದ್ದಾರೆ. ಬಿಟ್ಟುಹೋಗಲು ಕಾಲು ಬಿಡಿಸಿಕೊಳ್ಳಬೇಕಲ್ಲ! ನಮ್ಮ ಕಾಲಿಗೆ ಸುತ್ತಿಕೊಂಡಿರುವುದು ನಾವೇ ಟೈಪ್ ಮಾಡಿಟ್ಟ ಬರಹ. ಕನ್ನಡದ ಪ್ರಶ್ನೆಪತ್ರಿಕೆ, ನಡಾವಳಿ, ಸ್ಮರಣಸಂಚಿಕೆ ಎಲ್ಲ ವರ್ಷಗಟ್ಟಲೆ ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿವೆ. ಉರ್ದು ಎಲ್ಲ ಇನ್‌ಪೇಜ್‌ನಲ್ಲಿದೆ. ಇವುಗಳಿಗೆ ನಾವು ಋಣಿಗಳು, ಇವು ಇಲ್ಲದಿದ್ದರೆ ನಮ್ಮ ಭಾಷೆಗಳು ಕಂಪ್ಯೂಟರಿಗೆ ಅಷ್ಟು ಬೇಗ ಬರುತ್ತಿರಲಿಲ್ಲ. ಆದರೆ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಲಾಗಿದೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹಳೆಯ ಇನ್‌ಪೇಜ್ ಕಡತವನ್ನು ತೆರೆಯಲು ಇನ್‌ಪೇಜೇ ಬೇಕು, ಇನ್‌ಪೇಜ್‌ಗೆ ವಿಂಡೋಸೇ ಬೇಕು.

ಮಸ್ಕಿಯವರು ಇಲ್ಲಿದ್ದಾರೆ, ಅವರ ಊರಿನದೇ ಉದಾಹರಣೆ ಕೊಡುತ್ತೇನೆ. 1915ರಲ್ಲಿ ಚಿನ್ನ ಹುಡುಕಿಕೊಂಡು ಬಂದ ಬೀಡನ್ ಎಂಬ ಇಂಜಿನಿಯರಿಗೆ ಅಶೋಕನ ಶಾಸನ ಸಿಕ್ಕಿತು. ಎರಡು ಸಾವಿರ ವರ್ಷಕ್ಕೂ ಹಳೆಯ ಆ ಬರಹವನ್ನು ವಿದ್ವಾಂಸರು ಓದಿದರು, ಏಕೆಂದರೆ ಬ್ರಾಹ್ಮಿ ಲಿಪಿಯ ಗುಟ್ಟನ್ನು ಪ್ರಿನ್ಸೆಪ್ 1837ರಷ್ಟು ಹಿಂದೆಯೇ ಬಿಡಿಸಿ ಎಲ್ಲರ ಮುಂದಿಟ್ಟಿದ್ದ. ನಮ್ಮ 2004ರ ಪ್ರಶ್ನೆಪತ್ರಿಕೆ ಫಾಂಟ್ ಕಳೆದುಹೋದರೆ ಓದಲು ಬಾರದು. ಯೂನಿಕೋಡ್ ಇದಕ್ಕೆ ಪರಿಹಾರ. ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಓಣಿಯೇ ಇದೆ. ಉರ್ದುವಿನ ಟೇ, ಡಾಲ್, ಬಡೀ ಯೇ ಅಕ್ಷರಗಳಿಗೂ ಅವವೇ ಸ್ಥಾನಗಳಿವೆ. ಯಾವ ಯಂತ್ರದಲ್ಲಿ ತೆರೆದರೂ ಅದೇ ಅಕ್ಷರ. ನಸ್ತಾಲೀಕ್ ಚೆಂದ ಬರುವುದಿಲ್ಲ ಎಂಬ ನಮ್ಮ ಉರ್ದು ಮಿತ್ರರ ದೂರು ಮೊದಲು ನಿಜವಿತ್ತು, ಜಮೀಲ್ ನೂರಿ ನಸ್ತಾಲೀಕ್‌ನಂಥ ಯೂನಿಕೋಡ್ ಫಾಂಟುಗಳು ಬಂದ ಮೇಲೆ ಆ ನೆಪ ಉಳಿದಿಲ್ಲ.

ಬಿಟ್ಟು ನಡೆದವರೂ ಇದ್ದಾರೆ. ನೆರೆಯ ಕೇರಳ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಶುರುಮಾಡಿ, ಸರ್ಕಾರಿ ಶಾಲೆಗಳನ್ನು ಹಂತಹಂತವಾಗಿ ಲಿನಕ್ಸ್‌ಗೆ ತಂದಿತು. 2019ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರುಗಳಿಗೆ ಉಬುಂಟು ಆಧಾರಿತ ತನ್ನದೇ ಆವೃತ್ತಿ ಕೊಟ್ಟಿತು. ನಮ್ಮ ರಾಜ್ಯದಲ್ಲೂ 2011ರಿಂದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಪ್ರೌಢಶಾಲಾ ಶಿಕ್ಷಕರು ಉಬುಂಟುವಿನಲ್ಲಿ ಜಿಯೋಜಿಬ್ರಾ ಮೊದಲಾದವನ್ನು ಕಲಿತಿದ್ದಾರೆ.

ರೈಸ್ ಮಿಲ್ಲಿನಲ್ಲಿ ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಹುಡುಗನಿಗೆ ವಿಂಡೋಸ್ ಬಿಡು ಎಂದು ನಾನು ಹೇಳಲಾರೆ, ಅವನ ಅನ್ನ ಅದರಲ್ಲಿದೆ. ಆದರೆ ವಿಂಡೋಸ್ 11 ಹಿಡಿಯದ ಶಾಲೆಯ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕುವ ಮೊದಲು ಸಂಸ್ಥೆ ಒಂದು ಕೆಲಸ ಮಾಡಲಿ. ಲಿನಕ್ಸ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಒಳಗಿನ ಹಾರ್ಡ್‌ಡಿಸ್ಕ್ ಮುಟ್ಟದೆಯೇ ನಡೆಸಿ ನೋಡಬಹುದು. ನುಡಿಯಲ್ಲಿ ಕೈ ಪಳಗಿದವರಿಗೆ ಅದರಲ್ಲಿ ಕಗಪ ಕೀಲಿಮಣೆಯೂ ಸಿಗುತ್ತದೆ. ಪ್ರಿಂಟರ್ ಒಪ್ಪುತ್ತದೆಯೇ ಎಂಬುದನ್ನು ಮಾತ್ರ ಮೊದಲೇ ಪರೀಕ್ಷಿಸಬೇಕು, ಕೆಲವು ಮಾದರಿಗಳು ತೊಂದರೆ ಕೊಡುತ್ತವೆ. ವಿಂಡೋಸ್ 10ರಲ್ಲೇ ಇರುವವರು ಅಲ್ಲಿಯವರೆಗೆ ಹಾಟ್‌ಸ್ಪಾಟ್ ಸಂಪರ್ಕವನ್ನು ಸೆಟ್ಟಿಂಗ್ಸ್‌ನಲ್ಲಿ 'ಮೀಟರ್ಡ್' ಎಂದು ಗುರುತುಮಾಡಿದರೆ ದೊಡ್ಡ ಅಪ್‌ಡೇಟುಗಳು ಡೇಟಾ ತಿನ್ನುವುದು ಕಡಿಮೆಯಾಗುತ್ತದೆ. ಈ ಸಂಚಿಕೆಗೆ ಬರಹ ಕೊಡುವ ಮಿತ್ರರಲ್ಲಿ ಒಂದು ವಿನಂತಿ: ಮುಂದಿನ ವರ್ಷ ಕನ್ನಡವಾಗಲಿ ಉರ್ದುವಾಗಲಿ, ಯೂನಿಕೋಡ್‌ನಲ್ಲೇ ಕಳುಹಿಸಿ. ಹಳೆಯ ನುಡಿ ಕಡತಗಳನ್ನು ಪರಿವರ್ತಿಸುವ ಉಚಿತ ತಂತ್ರಾಂಶಗಳಿವೆ. ಬೇಕಾದವರು ಸಭೆ ಮುಗಿದ ಮೇಲೆ ಪೆನ್‌ಡ್ರೈವ್ ತನ್ನಿ, ಹಾಕಿಕೊಡುತ್ತೇನೆ.