ಹೋಗಿ ಬರುತ್ತೇನೆ ಎಂಬ ಮಾತು

ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆಯುವ ವಾರ, ಅಷ್ಟು ದಿನ ಮಕ್ಕಳ ಕಾಲಬುಡದಲ್ಲೇ ಹೊರಳಾಡಿಕೊಂಡಿದ್ದ ಸಾಕುನಾಯಿಗಳ ಪಾಲಿಗೆ ಮನೆ ಒಮ್ಮೆಗೇ ಬರಿದಾಗುತ್ತದೆ. ಹೊರಬಾಗಿಲಿಗೆ ಬೀಗ ಬಿದ್ದ ಮೇಲೆ ಒಳಗಿನಿಂದ ಕೇಳಿಬರುವ ಎಳೆದೆಳೆದ ಊಳನ್ನು ನೆರೆಹೊರೆಯವರು ಹಟವೆಂದೋ ಅಪಶಕುನವೆಂದೋ ತಿಳಿಯುವುದುಂಟು. ಆದರೆ ಎಷ್ಟೋ ವೇಳೆ ಅದು ಪಶುವೈದ್ಯರು ಅಗಲಿಕೆಯ ಆತಂಕ ಎಂದು ಕರೆಯುವ ಸ್ಥಿತಿ, ಅಂದರೆ ತಾನು ಹಚ್ಚಿಕೊಂಡ ಜೀವ ಕಣ್ಮರೆಯಾದಾಗ ನಾಯಿಯನ್ನು ಆವರಿಸುವ, ಅದರ ಅಂಕೆಗೆ ಸಿಗದ ದಿಗಿಲು.

ಈ ದಿಗಿಲು ಬಾಗಿಲು ಮುಚ್ಚಿದ ಮೇಲೆ ಹುಟ್ಟುವುದಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ. ಮನೆಯವರು ಕಾಲುಚೀಲ ಹಾಕಿಕೊಳ್ಳುವಾಗ, ಊಟದ ಡಬ್ಬಿಯ ಮುಚ್ಚಳ ಬಿಗಿಯುವಾಗ, ಗೋಡೆಯ ಮೊಳೆಯಿಂದ ಬೀಗದ ಕೈಗೊಂಚಲು ಝಣ್ ಎಂದು ಕೈಗಿಳಿದಾಗಲಂತೂ ನಾಯಿ ಎದ್ದು ನಿಲ್ಲುತ್ತದೆ. ಬಾಲ ಕಾಲುಗಳ ನಡುವೆ ಸೇರುತ್ತದೆ, ನಿದ್ದೆಯಿಲ್ಲದ ಆಕಳಿಕೆ ಬರುತ್ತದೆ, ನಾಲಗೆ ಮತ್ತೆ ಮತ್ತೆ ಮೂಗು ಸವರುತ್ತದೆ. ಜೀರ್ಣಕ್ರಿಯೆಯ ಅಧ್ಯಯನಕ್ಕಾಗಿ 1904ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ರಷ್ಯಾದ ಇವಾನ್ ಪಾವ್ಲೋವ್, ಆಹಾರ ಬಾಯಿಗೆ ಬೀಳುವ ಮೊದಲೇ, ಅದರ ಮುನ್ಸೂಚನೆ ಸಿಕ್ಕೊಡನೆಯೇ ನಾಯಿಗಳಲ್ಲಿ ಜೊಲ್ಲು ಒಸರುವುದನ್ನು ಕಂಡು ವಿವರಿಸಿದ ಶಾಸ್ತ್ರೀಯ ಅನುಬಂಧನ, ಎಂದರೆ ಒಂದು ಸಂಗತಿಯ ಬೆನ್ನಿಗೆ ಇನ್ನೊಂದು ಬಂದೇ ಬರುತ್ತದೆಂದು ದೇಹವೇ ಕಲಿತುಬಿಡುವ ಕ್ರಮ, ಈ ಕೈಗೊಂಚಲಿನ ಸದ್ದಿನಲ್ಲಿಯೂ ಕೆಲಸ ಮಾಡುತ್ತಿರುತ್ತದೆ.

ಹತ್ತನೆಯ ಶತಮಾನದ ಆತಕೂರಿನ ಶಾಸನವು ಹಂದಿಯೊಡನೆ ಸೆಣಸಿ ಮಡಿದ ಕಾಳಿ ಎಂಬ ಬೇಟೆನಾಯಿಯನ್ನು ಕಲ್ಲಿನಲ್ಲಿ ನೆನೆದಿದೆ; ಬೇಟೆಯಲ್ಲಿ, ಹಟ್ಟಿಯಲ್ಲಿ, ಹೊಲದ ಕಾವಲಿನಲ್ಲಿ ಮನುಷ್ಯನ ಜೊತೆಗೇ ಇದ್ದು ಬಾಳಿದ ಈ ಪ್ರಾಣಿಗೆ, ನಾಲ್ಕು ಗೋಡೆಗಳ ನಡುವೆ ಎಂಟು ಗಂಟೆ ಒಂಟಿಯಾಗಿರುವುದು ತಾನಾಗಿ ಬರುವ ವಿದ್ಯೆಯಲ್ಲ, ಅದನ್ನು ಯಾರಾದರೂ ಕಲಿಸಲೇಬೇಕು.

ಕಲಿಸುವ ಬದಲು ಗದರುವುದೇ ಹೆಚ್ಚು ಎಂಬುದು ನೋವಿನ ಸಂಗತಿ. ಸಂಜೆ ಬಂದಾಗ ಬಾಗಿಲ ಚೌಕಟ್ಟು ಕೆರೆದಿದ್ದರೆ, ಚಾಪೆ ಒದ್ದೆಯಾಗಿದ್ದರೆ, ತಲೆ ತಗ್ಗಿಸಿ ನಿಂತ ನಾಯಿಯ ಮುಖದಲ್ಲಿ ಮನೆಯವರಿಗೆ ತಪ್ಪೊಪ್ಪಿಗೆ ಕಾಣುತ್ತದೆ. ನಾಯಿಗಳ ನಡವಳಿಕೆಯ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ಮುಖಭಾವವು ನಾಯಿ ನಿಜವಾಗಿ ತಪ್ಪು ಮಾಡಿತ್ತೇ ಇಲ್ಲವೇ ಎಂಬುದಕ್ಕಿಂತ ಒಡೆಯರು ಗದರಿದರೇ ಇಲ್ಲವೇ ಎಂಬುದನ್ನು ಅವಲಂಬಿಸಿದ್ದು ಕಂಡುಬಂತು. ಬೆಳಗಿನ ಗಾಬರಿಗೆ ಸಂಜೆ ಪೆಟ್ಟು ತಿಂದ ನಾಯಿ ಕಲಿಯುವುದಾದರೂ ಏನನ್ನು? ಹೋಗುವುದಕ್ಕೆ ಮಾತ್ರವಲ್ಲ, ಬರುವುದಕ್ಕೂ ಅಂಜಬೇಕೆಂಬುದನ್ನು.

ಈ ದಿಗಿಲನ್ನು ಬಿಡಿಸುವ ದಾರಿ ನಿಧಾನದ್ದು. ಕೈಗೊಂಚಲನ್ನು ದಿನಕ್ಕೆ ಹಲವು ಸಲ ಎತ್ತಿ, ಎಲ್ಲಿಗೂ ಹೋಗದೆ, ಅಲ್ಲೇ ಕುಳಿತು ಹುರುಳಿಕಾಯಿ ಸೋಸಿದರೆ, ಆ ಸದ್ದಿಗೂ ಅಗಲಿಕೆಗೂ ಬಿದ್ದ ಗಂಟು ಸಡಿಲವಾಗತೊಡಗುತ್ತದೆ. ಆಮೇಲೆ ಹೊಸಿಲು ದಾಟಿ, ನಾಯಿ ಕಂಗೆಡುವ ಮೊದಲೇ ಕೆಲವೇ ಕ್ಷಣಗಳಲ್ಲಿ ಒಳಬರುವುದು, ಅದು ನೆಮ್ಮದಿಯಾಗಿದ್ದರೆ ಮಾತ್ರ ಅರ್ಧ ನಿಮಿಷ, ಎರಡು ನಿಮಿಷ, ಐದು ನಿಮಿಷ ಎಂದು ಅವಧಿ ಬೆಳೆಸುವುದು, ಕಂಗೆಟ್ಟರೆ ಮತ್ತೆ ಹಿಂದಿನ ಮೆಟ್ಟಿಲಿಗೆ ಇಳಿಯುವುದು. ಹೊರಡುವ ಮುನ್ನ ಮೂಸಿ ಮೂಸಿ ನಡೆಯಲು ಬಿಡುವ ಒಂದು ಸುತ್ತು ಓಡಾಟವೂ, ಮನೆಯವರು ಉಟ್ಟು ಬಿಟ್ಟ ಹಳೆಯ ಸೀರೆಯ ತುಂಡೂ ಕೆಲವು ನಾಯಿಗಳಿಗೆ ಒದಗುತ್ತವೆ. ಕಲಿಕೆಯ ದಿನಗಳಲ್ಲಿ ಅಜ್ಜಿಯೋ ಪಕ್ಕದ ಮನೆಯವರೋ ಜೊತೆಗಿರುವುದು ಒಳ್ಳೆಯದು. ಮೈ ಗಾಯ ಮಾಡಿಕೊಳ್ಳುವಷ್ಟು ದಿಗಿಲಿದ್ದರೆ ಪಶುವೈದ್ಯರ ಔಷಧಿಯೂ ಬೇಕಾಗಬಹುದು, ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಕನ್ನಡದ ಮನೆಗಳಲ್ಲಿ ಹೊರಡುವವರು ಬರಿದೆ ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ಅಪ್ಪಿತಪ್ಪಿ ‘ಹೋಗುತ್ತೇನೆ’ ಎಂದಷ್ಟೇ ಅಂದ ಮಗುವನ್ನು ಹಿರಿಯರು ಅಲ್ಲೇ ತಿದ್ದುತ್ತಾರೆ. ನಾಯಿಗೆ ಆ ಮಾತಿನ ಮೊದಲ ಅರ್ಧ ಕೈಗೊಂಚಲಿನ ಸದ್ದಿನಲ್ಲೇ ತಿಳಿಯುತ್ತದೆ, ಉಳಿದರ್ಧವನ್ನು ಅದಕ್ಕೆ ನೂರು ಸಲ ಬಂದು ತೋರಿಸಿಯೇ ತಿಳಿಸಬೇಕಾಗುತ್ತದೆ.

ಹಾಗೆ ಕಲಿತ ನಾಯಿ ಒಂಟಿಯಾಗಿದ್ದಾಗ ಏನು ಮಾಡುತ್ತದೆಂದು ಮನೆಯಲ್ಲಿ ಮೊಬೈಲ್ ಇಟ್ಟು ಚಿತ್ರಿಸಿ ನೋಡಿದರೆ, ಹೆಚ್ಚಿನ ಹೊತ್ತು ಅದು ಮಲಗಿಯೇ ಇರುತ್ತದೆ. ನಡುವೆ ಎಂದೋ ಒಮ್ಮೆ ಎದ್ದು, ಮೈ ಮುರಿದು, ಬಾಗಿಲ ಕೆಳಗಿನ ಸಂದಿಗೆ ಮೂಗಿಟ್ಟು ಕೊಂಚ ಹೊತ್ತು ಗಾಳಿಯನ್ನು ಹೀರುತ್ತದೆ. ಆ ಗಾಳಿಯಲ್ಲಿ ಅದಕ್ಕೆ ಏನು ಸಿಗುತ್ತದೋ, ಮತ್ತೆ ಬಂದು ಸೀರೆಯ ತುಂಡಿನ ಮೇಲೆ ಸುತ್ತಿಕೊಂಡು ಮಲಗುತ್ತದೆ.