ಗ್ರಂಥಭಂಡಾರವೂ ಸಾರ್ವಜನಿಕರೂ
(ಮಸ್ಕಿಯ ಸಭೆಯಲ್ಲಿ ಮಾಡಿದ ಉಪನ್ಯಾಸ)



ಗ್ರಂಥಭಂಡಾರ, ವಸ್ತುಸಂಗ್ರಹಾಲಯ, ದಫ್ತರಖಾನೆ ಎಂಬಿವು ಕೇವಲ ಪಂಡಿತರ ಸ್ಥಾನಗಳೆಂದೂ, ಸಾಮಾನ್ಯ ಜನರು ಅವನ್ನು ದೂರದಿಂದ ನೋಡಿ ಕೈಮುಗಿದು ಹೋಗತಕ್ಕವರೆಂದೂ ಲೋಕದಲ್ಲಿ ಒಂದು ಭಾವನೆಯುಂಟು. ಈ ಭಾವನೆಯು ಸರಿಯಲ್ಲವೆಂಬುದಕ್ಕೆ ಪರಸ್ಥಳಗಳಲ್ಲಿ ಸಾಕ್ಷ್ಯವನ್ನು ಅರಸಬೇಕಾದುದಿಲ್ಲ. ಈ ಊರಿನ ಬಂಡೆಯೇ ಸಾಕ್ಷಿಯಾಗಿ ನಿಂತಿದೆ.

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬವರು ಬ್ರಾಹ್ಮೀ ಲಿಪಿಯನ್ನು ಓದಿದಂದಿನಿಂದ ಎಷ್ಟೋ ಶಾಸನಗಳು ಬೆಳಕಿಗೆ ಬಂದವು. ಆದರೆ ಅವುಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿದ್ದವೇ ಹೊರತು ಅರಸನ ಹೆಸರು ಇರಲಿಲ್ಲ. 1915ರಲ್ಲಿ ನಿಜಾಮರ ಸಂಸ್ಥಾನದ ಗಣಿ ಇಂಜಿನಿಯರರಾದ ಸಿ. ಬೀಡನ್ ಎಂಬವರು ಚಿನ್ನದ ಶೋಧಕ್ಕಾಗಿ ತಿರುಗುತ್ತಿರಲು ಮಸ್ಕಿಯ ಬಂಡೆಯ ಮೇಲಿನ ಅಕ್ಷರಗಳನ್ನು ಕಂಡರು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅದರಲ್ಲಿ ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರೇ ಇದ್ದಿತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ಬಳ್ಳಾರಿ ಸೀಮೆಯ ನಿಟ್ಟೂರು ಉಡೇಗೋಳಗಳಲ್ಲಿಯೂ ಆ ಹೆಸರು ದೊರೆಯಿತು. ಮೊದಲು ದೊರೆತದ್ದು ಮಸ್ಕಿಯಲ್ಲಿ. ಇಲ್ಲಿ ಕಂಡವರು ಪಂಡಿತರಲ್ಲ, ಓದಿದವರು ಪಂಡಿತರು. ಕಂಡವರು ಸುಮ್ಮನಿದ್ದಿದ್ದರೆ ಓದುವವರ ವಿದ್ಯೆಯು ಏನನ್ನು ಸಾಧಿಸುತ್ತಿತ್ತು?

ಶಿಲೆಯ ವಿಷಯವು ಇಂತಾದರೆ ಓಲೆಯ ವಿಷಯವೂ ಇಂತೆಯೇ. ಫ. ಗು. ಹಳಕಟ್ಟಿಯವರು ವೃತ್ತಿಯಿಂದ ನ್ಯಾಯವಾದಿಗಳು. ಆಗ ವಿಜಾಪುರವೆನಿಸಿದ್ದ ವಿಜಯಪುರದಲ್ಲಿದ್ದುಕೊಂಡು ಅವರು ಮನೆಮನೆಗಳಿಂದ ತಾಡವೋಲೆಗಳನ್ನು ಸಂಗ್ರಹಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು; 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಪ್ರಾರಂಭಿಸಿದರು; ಮುದ್ರಣಾಲಯಕ್ಕಾಗಿ ವಾಸದ ಮನೆಯನ್ನೇ ಮಾರಿದರು. ಅವರ ತ್ಯಾಗವನ್ನು ನಾಡೆಲ್ಲ ಕೊಂಡಾಡುತ್ತದೆ, ಅದು ಯೋಗ್ಯವೇ. ಆದರೆ ದೇವರ ಜಗಲಿಯಿಂದ ಕಟ್ಟನ್ನು ಇಳಿಸಿ, ಅರಿವೆಯನ್ನು ಬಿಚ್ಚಿ ಅವರ ಮುಂದಿಟ್ಟ ಗೃಹಸ್ಥರನ್ನು ನೆನೆಯುವವರು ಎಷ್ಟು ಮಂದಿ?

ಇದಕ್ಕಿಂತಲೂ ಮನಸ್ಸನ್ನು ನೋಯಿಸುವ ಸಂಗತಿಯೊಂದುಂಟು. ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂದೊಪ್ಪಿಸಿದವರು ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು. ಆರ್. ಶಾಮಶಾಸ್ತ್ರಿಗಳು ಅದನ್ನು ಪರಿಶೋಧಿಸಿ 1909ರಲ್ಲಿ ಅಚ್ಚು ಹಾಕಿಸಲು ಜಗತ್ತೇ ಬೆರಗಾಯಿತು. ಗ್ರಂಥದ ಹೆಸರು ಲೋಕಪ್ರಸಿದ್ಧವಾಯಿತು, ಶಾಸ್ತ್ರಿಗಳ ಹೆಸರೂ ಪ್ರಸಿದ್ಧವಾಯಿತು. ಕೊಟ್ಟ ಕೈ ಮಾತ್ರ ತಂಜಾವೂರಿನ ಪಂಡಿತರೆಂಬಷ್ಟರಲ್ಲಿಯೇ ಉಳಿಯಿತು.

ಇಂದು ಗೃಹಸ್ಥರಲ್ಲಿ ಒಂದು ಅಂಜಿಕೆಯುಂಟು: ಓದಲೆಂದು ಒಯ್ದ ಕಟ್ಟು ಮನೆಗೆ ಮರಳುವುದಿಲ್ಲ ಎಂದು. ಈ ಅಂಜಿಕೆಯನ್ನು ಅಜ್ಞಾನವೆಂದು ಹಳಿಯಲಾಗದು. ಒಯ್ದವರು ಮರೆತುದರಿಂದಲೇ ಅದು ಹುಟ್ಟಿತು. ಇತ್ತ ಗೃಹಸ್ಥರ ದೋಷವೂ ಇಲ್ಲದಿಲ್ಲ. ವರ್ಷಕ್ಕೊಮ್ಮೆ ಕಟ್ಟಿಗೆ ವಿಭೂತಿ ಹಚ್ಚಿ ಹೂವೇರಿಸಿ ಪೂಜಿಸುವರು. ಒಳಗೆ ಗೆದ್ದಲು ತಿನ್ನುತ್ತಿರುವುದನ್ನು ನೋಡರು. ಓದಲು ಬಾರದೆಂದು ಹೊಳೆಗೆ ಬಿಡುವವರೂ ಉಂಟು. ಹೀಗೆ ಒಂದು ಕಡೆ ಅವಿಶ್ವಾಸ, ಮತ್ತೊಂದು ಕಡೆ ಉದಾಸೀನ. ನಡುವೆ ಸಾಯುವುದು ಗ್ರಂಥ.

ಆದುದರಿಂದ ಭಂಡಾರವೆನಿಸಿಕೊಳ್ಳುವ ಸ್ಥಾನವು ಮೂರು ನಿಯಮಗಳನ್ನು ಪಾಲಿಸಬೇಕು. ಕೊಟ್ಟವರ ಹೆಸರು, ಊರು, ದಿನಗಳನ್ನು ಅವರೆದುರಿಗೇ ಪುಸ್ತಕದಲ್ಲಿ ಬರೆದು ರಸೀತಿ ಕೊಡುವುದು ಮೊದಲನೆಯದು. ಮೂಲವನ್ನು ಬಿಡಲೊಲ್ಲದವರ ಓಲೆಗಳಿಗೆ ಛಾಯಾಚಿತ್ರ ತೆಗೆದುಕೊಂಡು ಮೂಲವನ್ನು ಹಿಂದಿರುಗಿಸುವುದು ಎರಡನೆಯದು. ಓದಿದುದನ್ನು ತಿಳಿಗನ್ನಡದಲ್ಲಿ ಬರೆದು ಆ ಮನೆಗೇ ಮುಟ್ಟಿಸುವುದು ಮೂರನೆಯದು.

ಜನರು ಕೊಡತಕ್ಕದ್ದು ಓಲೆಯೊಂದೇ ಅಲ್ಲ, ಓದುವ ಶಕ್ತಿಯೂ ಹೌದು. ಅಮೇರಿಕದ ಸ್ಮಿತ್ಸೋನಿಯನ್ ಸಂಸ್ಥೆಯು 2013ರಿಂದ ತನ್ನ ಹಳೆಯ ಕೈಬರಹದ ಕಾಗದಗಳನ್ನು ಸಾರ್ವಜನಿಕರಿಂದಲೇ ಓದಿಸಿ ಬರೆಯಿಸಿಕೊಳ್ಳುತ್ತಿದೆ. ಈ ಸೀಮೆಯಲ್ಲಿ ಮೋಡಿ ಬರಹವನ್ನೂ, ನಿಜಾಮರ ಕಾಲದ ಉರ್ದು ದಾಖಲೆಗಳನ್ನೂ ಓದಬಲ್ಲ ವೃದ್ಧರ ವಿದ್ಯೆಯನ್ನು ಭಂಡಾರಗಳು ಕರೆದು ಬಳಸಿಕೊಳ್ಳದಿದ್ದರೆ ಅದು ಅವರೊಡನೆಯೇ ಹೋಗುವುದು.

ಭಾರತ ಸರ್ಕಾರವು 2003ರಲ್ಲಿ ಹಸ್ತಪ್ರತಿಗಳಿಗಾಗಿ ರಾಷ್ಟ್ರೀಯ ಅಭಿಯಾನವನ್ನು ಹೂಡಿತು. 2025ರ ಆಯವ್ಯಯದಲ್ಲಿ ‘ಜ್ಞಾನ ಭಾರತಂ’ ಎಂಬ ಹೆಸರಿನಿಂದ ಒಂದು ಕೋಟಿಗೂ ಮಿಕ್ಕಿದ ಹಸ್ತಪ್ರತಿಗಳ ಸಮೀಕ್ಷೆಯನ್ನು ಸಾರಿ, ಖಾಸಗಿ ಸಂಗ್ರಾಹಕರನ್ನೂ ಅದರಲ್ಲಿ ಸೇರಿಸಿತು. ಆದರೆ ಅಟ್ಟದ ಮೇಲಿನ ಕಟ್ಟನ್ನು ಸರ್ಕಾರವು ಕಾಣಲಾರದು. ಅದನ್ನು ಮನೆಯವರೇ ಇಳಿಸಬೇಕು.

ಶಿಲೆಯು ಎರಡು ಸಾವಿರ ವರ್ಷಗಳಿಗೂ ಮೀರಿ ಕಾದಿತು. ಓಲೆಯು ಅಷ್ಟು ಕಾಯಲಾರದು. ಈ ಉತ್ಸವವು ಮುಗಿದು ಮನೆಗೆ ತೆರಳಿದ ಮೇಲೆ ಪ್ರತಿಯೊಬ್ಬ ಗೃಹಸ್ಥನೂ ಜಗಲಿಯ ಕಟ್ಟನ್ನು ಒಮ್ಮೆ ಬಿಚ್ಚಿ ನೋಡಲಿ. ಪ್ರತಿಯೊಂದು ಮಠವೂ ದಾನಿಗಳ ಹೆಸರಿನ ಪುಸ್ತಕವನ್ನು ತೆರೆದಿಡಲಿ. ಪೂಜೆಗೊಂಡ ಗ್ರಂಥವು ಓದಿಸಿಕೊಂಡಾಗಲೇ ಪೂಜೆಯು ಪೂರ್ಣವಾಗುವುದು.