ಎರಡು ವಾರದ ವಿದೇಶ ವ್ಯಾಸಂಗ: ಯಾರಿಗೆ, ಯಾತಕ್ಕೆ?



ವಿದೇಶದಲ್ಲಿ ಓದು ಎಂದೊಡನೆ ನಮ್ಮ ಮನೆಗಳಲ್ಲಿ ಮೊದಲು ಏಳುವ ಮಾತು ಸಾಲದ್ದು. ಗುಬ್ಬಿ, ಕುಣಿಗಲ್, ಶಿರಾ ಕಡೆಯಿಂದ ದಿನಾ ಬೆಳಗ್ಗೆ ಬಸ್ಸು ಹಿಡಿದು ತುಮಕೂರಿಗೆ ಬರುವ ಮಕ್ಕಳಲ್ಲಿ ಬಹಳ ಮಂದಿಗೆ ಎರಡು ವರ್ಷದ ಎಂ.ಎಸ್. ಎಟುಕುವುದಿಲ್ಲ. ತುಮಕೂರಿನ ಬಟವಾಡಿಯ ಈ ಸಂಕಿರಣದಲ್ಲಿ ಇಂದು ನಾವು ಸೇರಿರುವುದು ಬೇರೊಂದು ದಾರಿಯ ಬಗ್ಗೆ ಯೋಚಿಸಲು. ಪದವಿ ಇಲ್ಲಿಯದೇ; ನಡುವೆ ಎರಡು ವಾರವೋ ಒಂದು ತಿಂಗಳೋ ಹೊರದೇಶದ ವಿಶ್ವವಿದ್ಯಾಲಯದಲ್ಲಿ ಕಲಿಕೆ.

‘ಅಷ್ಟು ದಿನದಲ್ಲಿ ಏನು ಕಲಿತಾರು, ಊರು ನೋಡಿಕೊಂಡು ಬರ್ತಾರೆ’ ಎನ್ನುವವರಿದ್ದಾರೆ. ಆ ಸಂದೇಹ ನ್ಯಾಯವಾದದ್ದೇ. ಆದರೆ 1898ರಲ್ಲಿ ಮುಂಬಯಿ ಸರ್ಕಾರದ ಸೇವೆಯಲ್ಲಿದ್ದ ಎಂಜಿನಿಯರ್ ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿಬಂದದ್ದನ್ನು ನೆನೆಯಿರಿ. ಅವರು ಪದವಿಗೆಂದು ಹೋದವರಲ್ಲ, ನೆಲೆಸಲೂ ಅಲ್ಲ. ಸಿಂಧ್ ಪ್ರಾಂತ್ಯದ ಸುಕ್ಕೂರಿಗೆ ಕುಡಿಯುವ ನೀರು ಒದಗಿಸಿ ಕೈ ಪಳಗಿದ್ದವರು. ಶಾಲೆ ಮತ್ತು ಕೈಗಾರಿಕೆ ಒಂದು ದೇಶವನ್ನು ಹೇಗೆ ಎತ್ತಬಲ್ಲವು ಎಂಬುದನ್ನು ಅಲ್ಲಿ ಕಂಡರು. 1912ರಲ್ಲಿ ಮೈಸೂರಿನ ದಿವಾನರಾದ ಮೇಲೆ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಬಂದವು. ಇವೆಲ್ಲ ಜಪಾನ್ ಪ್ರವಾಸದ ಫಲವೆಂದು ನಾನು ಹೇಳುತ್ತಿಲ್ಲ. ಅವರ ಯೋಚನೆಯಲ್ಲಿ ಜಪಾನ್ ಕೊನೆಯವರೆಗೂ ಉಳಿಯಿತು ಎಂಬುದು ಮಾತ್ರ ಖಚಿತ. ತಿಳಿದ ಕೆಲಸವೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೋದವರಿಗೆ ಕಡಿಮೆ ದಿನಗಳೂ ಸಾಕಾಗುತ್ತವೆ.

ನಮ್ಮ ವಿದ್ಯಾರ್ಥಿಗಳ ಬಳಿ ಅಂಥದ್ದೇನಿದೆ? ನಮ್ಮ ಜಿಲ್ಲೆಯ ಪಾವಗಡವನ್ನೇ ತೆಗೆದುಕೊಳ್ಳಿ. ತಿರುಮಣಿಯ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಇದೆ. ಬರಗಾಲಕ್ಕೆ ಸೋತ ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಆರಂಭದ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಜಮೀನಿಲ್ಲದ ಕೂಲಿಯವರ ಗತಿಯೇನು, ಕುರಿ ಮೇಯುವ ಬಯಲು ಏನಾಯಿತು? ಈ ಪ್ರಶ್ನೆಗಳನ್ನು ಹಳ್ಳಿಯಲ್ಲಿ ಕೂತು ಕೇಳಿ, ಬರೆದುಕೊಂಡು ಜರ್ಮನಿಯ ತರಗತಿಗೆ ಹೋದ ಹುಡುಗಿಯನ್ನು ಅಲ್ಲಿನವರು ಕಿವಿಗೊಟ್ಟು ಕೇಳುತ್ತಾರೆ. ಅವಳೂ ಅವರ ಗಾಳಿಯಂತ್ರ, ಅವರ ಭೂಮಿಯ ಕಾನೂನು ಕೇಳಿ ತಿಳಿಯುತ್ತಾಳೆ. ನೋಟ್ಸ್ ಬರೆದುಕೊಂಡೇ ಬೆಳೆದ ನಮ್ಮ ಮಕ್ಕಳು ಮೇಷ್ಟ್ರ ಮಾತನ್ನು ಗೌರವದಿಂದಲೇ ಪ್ರಶ್ನಿಸಬಹುದು ಎಂದು ಮೊದಲ ಬಾರಿಗೆ ಅರಿಯುವುದು ಇಂಥ ತರಗತಿಯಲ್ಲಿ. ನನ್ನ ಮಟ್ಟಿಗೆ ಅದೇ ದೊಡ್ಡ ಲಾಭ.

ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಎರಡು ವರ್ಷಕ್ಕೆ ಒಪ್ಪದ ತಂದೆತಾಯಿ, ಜೊತೆಗೆ ಅಧ್ಯಾಪಕಿ ಮತ್ತು ಗೆಳತಿಯರು ಇದ್ದರೆ ಎರಡು ವಾರಕ್ಕೆ ಒಪ್ಪುವ ಸಾಧ್ಯತೆ ಹೆಚ್ಚು. ಹಾಗೆ ತೆರೆದ ಬಾಗಿಲು ತಂಗಿಯಂದಿರಿಗೂ ತೆರೆದಿರುತ್ತದೆ.

ದಾರಿಗಳು ಈಗಾಗಲೇ ಇವೆ. ಯುರೋಪಿನ ಎರಾಸ್ಮಸ್ ವಿದ್ಯಾರ್ಥಿ ವಿನಿಮಯ ಯೋಜನೆ 1987ರಲ್ಲಿ ಆರಂಭವಾದದ್ದು. ಈಗ ಅದರಲ್ಲಿ 5ರಿಂದ 30 ದಿನಗಳ ಕಿರು ಕೋರ್ಸುಗಳೂ ಸೇರಿವೆ, ಹೋಗುವ ಮೊದಲೋ ಬಂದ ಮೇಲೋ ಆನ್‌ಲೈನ್ ಪಾಠವೂ ಉಂಟು. ಜಪಾನಿನ ಸಕುರಾ ವಿಜ್ಞಾನ ಯೋಜನೆ 2014ರಿಂದ ಏಷ್ಯಾದ ಯುವಜನರನ್ನು ಕರೆಸಿಕೊಳ್ಳುತ್ತಿದೆ. ನಮ್ಮ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ಬ್ರಿಟಿಷ್ ಕೌನ್ಸಿಲ್ ಜೊತೆಗೂಡಿ ಸರ್ಕಾರಿ ವಿಶ್ವವಿದ್ಯಾಲಯಗಳ ಪದವಿ ವಿದ್ಯಾರ್ಥಿಗಳನ್ನು ಎರಡು ವಾರ ಬ್ರಿಟನ್ನಿಗೆ ಕಳಿಸುವ ‘ಸ್ಕೌಟ್’ ಕಾರ್ಯಕ್ರಮ ನಡೆಸಿದೆ. ಇದು ಬೆಳೆಯಬೇಕು, ಜಿಲ್ಲಾ ಕೇಂದ್ರಗಳ ಕಾಲೇಜುಗಳಿಗೂ ಧಾರಾಳವಾಗಿ ತಲುಪಬೇಕು. ಇಲ್ಲೇ ಹತ್ತಿರದ ವಸಂತನರಸಾಪುರದಲ್ಲಿ ಜಪಾನಿ ಕೈಗಾರಿಕಾ ಟೌನ್‌ಶಿಪ್ ಯೋಜಿತವಾಗಿದೆ. ಅಲ್ಲಿಗೆ ಬರುವ ಕಂಪನಿಗಳ ನೆರವನ್ನು ನಮ್ಮ ಮಕ್ಕಳ ಪರವಾಗಿ ಕೇಳಲು ನಮ್ಮ ವಿಶ್ವವಿದ್ಯಾಲಯ ಹಿಂಜರಿಯಬಾರದು.

ನನ್ನ ಚಿಂತೆ ಆಯ್ಕೆಯ ಬಗ್ಗೆ. ಇಂಗ್ಲಿಷ್ ಸರಾಗವಾಗಿ ಆಡುವವರು, ಖರ್ಚು ಹಾಕಬಲ್ಲವರು ಮಾತ್ರ ಹೋದರೆ ಈ ಸಂಕಿರಣದ ಶ್ರಮ ವ್ಯರ್ಥ. ವಿದ್ಯಾರ್ಥಿ ಕನ್ನಡದಲ್ಲೇ ಬರೆದ ಕ್ಷೇತ್ರಕಾರ್ಯದ ವರದಿಯನ್ನು ಓದಿ ಆಯ್ಕೆ ಮಾಡೋಣ. ಇಂಗ್ಲಿಷನ್ನು ಆಮೇಲೆ ಒಂದು ಸೆಮಿಸ್ಟರ್ ಕೂರಿಸಿ ಕಲಿಸೋಣ. ಪಾಸ್‌ಪೋರ್ಟ್, ವೀಸಾ, ವಿಮಾನದ ಟಿಕೆಟ್ ಖರ್ಚು ವಿಶ್ವವಿದ್ಯಾಲಯದ ಬಜೆಟ್ಟಿನಲ್ಲೇ ಇರಲಿ. ಮರಳಿದ ಮೇಲೆ ಸಲ್ಲಿಸುವ ಕೆಲಸಕ್ಕೆ ಕ್ರೆಡಿಟ್ ಸಿಗಲಿ. ಈ ನಾಲ್ಕು ವಿಷಯಗಳ ಮೇಲೆ ಮಧ್ಯಾಹ್ನದ ಗೋಷ್ಠಿಯಲ್ಲಿ ವಾದ ಮಾಡಿ, ತಿದ್ದಿ, ಸಂಜೆಯೊಳಗೆ ಕುಲಪತಿಗಳಿಗೆ ಸಲ್ಲಿಸಬಹುದಾದ ಒಂದು ಕರಡು ಸಿದ್ಧಪಡಿಸಬೇಕೆಂದು ನಿಮ್ಮೆಲ್ಲರಲ್ಲಿ ಕೇಳಿಕೊಳ್ಳುತ್ತೇನೆ.